ಅಣ್ಣನ ಎಡಗೈ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಸವಾಯಿ ಗಂಧರ್ವ ಕಲಾಮಂದಿರಕ್ಕೆ ಸಮೀಪದಲ್ಲಿಯೇ ನಮ್ಮ ಮನೆ. ವಾರಕ್ಕೆ ಮೂರು ದಿನ ನಸುಕಿನಲ್ಲಿ ಅಣ್ಣನನ್ನು ಸ್ಕೂಟರಿನ ಮೇಲೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ನಾಲ್ಕು ತಾಸು ಅವನ ರಕ್ತವು ಯಂತ್ರದಲ್ಲಿ ಹರಿದು, ಶುದ್ಧಿಗೊಂಡು ದೇಹಕ್ಕೆ ಮರಳುತ್ತದೆ. ಅದಕ್ಕಾಗಿ ಅವನ ಎಡಗೈಯಲ್ಲಿ ಅಪಧಮನಿಯೊಂದನ್ನು ಅಭಿಧಮನಿಗೆ ಜೋಡಿಸಿದ್ದಾರೆ. ಅಲ್ಲಿ ಬೆರಳಿಟ್ಟರೆ ತಂಬೂರಿಯ ತಂತಿಯಂತೆ ಸದಾ ಮಿಡಿತ. ಅವ್ವ ದಿನವೂ ಮುಟ್ಟಿ ನೋಡಿ, "ನುಡ್ಯಾಕತ್ತೈತಿ" ಎಂದು ಸಮಾಧಾನ ತಾಳುತ್ತಾಳೆ.

ಅಪ್ಪ ತೀರಿಕೊಂಡಾಗ ರಕ್ತದೊತ್ತಡವೇ ಕಾರಣವೆಂದು ನಂಬಿದ್ದೆವು. ಅದರ ಹಿಂದೆ ಪಾಲಿಸಿಸ್ಟಿಕ್ ಮೂತ್ರಪಿಂಡ ರೋಗವಿತ್ತೆಂಬುದು ಅಣ್ಣ ಹಾಸಿಗೆ ಹಿಡಿದ ಮೇಲೆ ತಿಳಿಯಿತು. ಆರೋಗ್ಯವಂತನ ಮೂತ್ರಪಿಂಡ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 150 ಗ್ರಾಂ. ಈ ರೋಗದಲ್ಲಿ ನೀರುಗುಳ್ಳೆಗಳು ಬೆಳೆಬೆಳೆದು ಅದು ಕಿಲೋಗಟ್ಟಲೆ ತೂಗುವುದುಂಟು. ತಂದೆಗಾಗಲಿ ತಾಯಿಗಾಗಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಒಬ್ಬನಿಗೆ ಬಂದಿತೆಂದು ಇನ್ನೊಬ್ಬನಿಗೆ ತಪ್ಪುವುದಿಲ್ಲ. ಇದಕ್ಕೆ ಕಾರಣವಾದ ಮುಖ್ಯ ಜೀನನ್ನು ಗುರುತಿಸಿದ್ದು 1994ರಲ್ಲಿ. ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾನೂನು ಬಂದದ್ದೂ ಅದೇ ವರ್ಷ.

ಆ ಕಾನೂನಿನಂತೆ ಒಡಹುಟ್ಟಿದವರು ಮೂತ್ರಪಿಂಡ ಕೊಡಬಹುದು. "ನನ್ನದೊಂದನ್ನು ತೆಗೆದುಕೊಳ್ಳಿರಿ" ಎಂದು ನಾನು ವೈದ್ಯರ ಮುಂದೆ ಧೀರನಂತೆ ನುಡಿದೆ. ಅವರು, "ಮೊದಲು ನಿಮ್ಮದನ್ನು ಪರೀಕ್ಷಿಸಬೇಕು" ಎಂದರು. ಅಲ್ಲಿಗೆ ನನ್ನ ಧೈರ್ಯ ಉಡುಗಿತು. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ನೆಂಟರು ಎಂದು ಎರಡು ತಿಂಗಳು ನೆಪ ಹೇಳಿದೆ. ನಮ್ಮ ಬಡಾವಣೆಯಲ್ಲಿಯೇ ಬಾಳಿದ ಗಂಗೂಬಾಯಿ ಹಾನಗಲ್ಲರು 2009ರಲ್ಲಿ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಆ ಮನೆಯ ಮುಂದೆ ಹಾಯುವಾಗಲೆಲ್ಲ ನನಗೆ ನಾಚಿಕೆಯೆನಿಸುತ್ತಿತ್ತು.

ಒಂದು ಮುಂಜಾನೆ ಸ್ಕೂಟರಿನ ಹಿಂದಿನಿಂದ ಅಣ್ಣ ಮೆಲ್ಲಗೆ ಹೇಳಿದ:

"ತಮ್ಮಾ, ನಿನ್ನ ಮೂತ್ರಪಿಂಡ ನನಗ ಬ್ಯಾಡ. ಆದ್ರ ಪರೀಕ್ಷಾ ಮಾಡಿಸ್ಕೊ. ನನಗ ಗೊತ್ತಾಗೂದರಾಗ ಹೊತ್ತು ಮೀರಿತ್ತು. ನಿನಗ ಹಂಗ ಆಗಬಾರದು."

ನನ್ನ ಅಂಜಿಕೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಮರುದಿನವೇ ಹೋದೆ. ಅಲ್ಟ್ರಾಸೌಂಡ್ ತೆರೆಯ ಮೇಲೆ ನನ್ನ ಎರಡು ಮೂತ್ರಪಿಂಡಗಳಲ್ಲಿಯೂ ಗುಳ್ಳೆಗಳು ಕಂಡವು. ಕೆಲಸ ಇನ್ನೂ ಕೆಟ್ಟಿಲ್ಲ, ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು ಉಪ್ಪು ಕಡಿಮೆ ಮಾಡಿದರೆ ಹಾನಿಯ ವೇಗವನ್ನು ತಗ್ಗಿಸಬಹುದು, ನೀರನ್ನು ಧಾರಾಳವಾಗಿ ಕುಡಿಯಬೇಕು ಎಂದರು ವೈದ್ಯರು. ಕೊಡಲು ಹೋದವನು ಬರಿಗೈಯಲ್ಲಿ ಮರಳಿದೆ. ಈಗ ಅಣ್ಣನ ಹೆಸರು ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿದೆ.

ಆ ರಾತ್ರಿ ಅವ್ವ ಏನನ್ನೂ ಕೇಳಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಅಣ್ಣನ ತಾಟಿನ ಬಳಿ ಅಳೆದ ಅರ್ಧ ಲೋಟ ನೀರು, ನನ್ನ ತಾಟಿನ ಬಳಿ ತುಂಬಿದ ತಂಬಿಗೆ. ಅಣ್ಣ ಎರಡನ್ನೂ ನೋಡಿ ನಕ್ಕು, ತಂಬಿಗೆಯನ್ನು ಎಡಗೈಯಿಂದ ನನ್ನತ್ತ ಇನ್ನಷ್ಟು ಸರಿಸಿದ.