ಹೊಳೆಯಾಚೆಯ ಆರು ಸಿಲಿಂಡರ್

ತುಮರಿಯಲ್ಲಿ ಕೆಟ್ಟ ಜೀಪನ್ನು ತುಮರಿಯಲ್ಲೇ ರಿಪೇರಿ ಮಾಡಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತ ಮೇಲೆ ನಮ್ಮ ಕರೂರು ಸೀಮೆಗೂ ಸಾಗರ ಪೇಟೆಗೂ ನಡುವೆ ಹಿನ್ನೀರು ಬಂತು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಲಾಂಚು. ಅದು ಸಂಜೆಗೆ ನಿಂತರೆ ಬೆಳಗಿನವರೆಗೆ ಈಚೆಯವರು ಈಚೆ, ಆಚೆಯವರು ಆಚೆ. ಬೇಸಿಗೆಯಲ್ಲಿ ನೀರು ತಳ ಕಂಡರೆ ಲಾಂಚಿಗೆ ವಾಹನ ಹತ್ತಿಸುವುದೂ ಬಂದ್. ರಸ್ತೆಯಲ್ಲೇ ಹೋಗುತ್ತೇನೆ ಎನ್ನುವವರು ನಿಟ್ಟೂರು, ಹೊಸನಗರ ಸುತ್ತಿ ಹೋಗಬೇಕಿತ್ತು. ಹಾಗಾಗಿ ನಮ್ಮ ಕಡೆಯ ಮೆಕ್ಯಾನಿಕ್ಕುಗಳಿಗೆ ಹೊಸ ಸಾಮಾನು ಹಾಕುವ ಅಭ್ಯಾಸಕ್ಕಿಂತ ಹಳೆಯದನ್ನೇ ಬದುಕಿಸುವ ಅಭ್ಯಾಸ ಹೆಚ್ಚು. ಗ್ಯಾಸ್ಕೆಟ್ ಶೀಟು ತಂದಿಟ್ಟುಕೊಂಡು, ಸುತ್ತಿಗೆಯ ಗುಂಡಿನಿಂದ ಅಂಚು ತಟ್ಟಿ, ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳುತ್ತಿದ್ದೆವು. ನಾನು ಕೆಲಸ ಕಲಿತದ್ದು ಹಾಗೆ, ಮಹೀಂದ್ರಾ ಜೀಪಿನ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನಿನ ಮೇಲೆ.

ಆರು ಸಿಲಿಂಡರ್ ಎಂದರೆ ನಮಗೆ ಲೈಲ್ಯಾಂಡ್ ಲಾರಿ. ಮುಂದೆ ಅದೇ ಲೈಲ್ಯಾಂಡಿಗೆ ಜಪಾನಿನ ಹೀನೊ ಕಂಪನಿಯ ಇಂಜಿನ್ನೂ ಬಂತು. ಅದೂ ಡೀಸೆಲ್ಲೇ. ಕಾರಿನ ಬಾನೆಟ್ಟಿನ ಕೆಳಗೆ ಆರು ಸಿಲಿಂಡರ್ ಸಾಲಾಗಿ ನಿಲ್ಲಿಸಿ, ಅದಕ್ಕೆ ಪೆಟ್ರೋಲ್ ಸುರಿಯುವಷ್ಟು ದುಡ್ಡು ನಮ್ಮ ಸೀಮೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಅಂಥ ಇಂಜಿನ್ನನ್ನು ನಾನು ನೋಡಿದ್ದು ಶಾರ್ಜಾದಲ್ಲಿ. ತುಮರಿಯಿಂದ ಸಾಗರಕ್ಕೆ ಹೋಗಲು ನೀರು ದಾಟಬೇಕಿತ್ತು, ಭಟ್ಕಳಕ್ಕೆ ಹೋಗಲು ಕೋಗಾರು ಘಾಟಿ ಇಳಿದರೆ ಸಾಕಿತ್ತು. ಭಟ್ಕಳದಲ್ಲಿ ಮನೆಗೊಬ್ಬರಂತೆ ದುಬೈಯಲ್ಲಿ ಇರುವವರು. ಅಡಿಕೆ ಸಾಗಿಸುವ ಜೀಪಿನ ಕೆಲಸಕ್ಕೆ ಭಟ್ಕಳಕ್ಕೆ ಹೋಗಿ ಬಂದು ಮಾಡುತ್ತಿದ್ದ ನನಗೆ ಒಬ್ಬ ಗೆಳೆಯ ಹೇಳಿದ: 'ಇಲ್ಲಿ ಎಂತ ಮಾಡ್ತೀಯಾ ಮಾರಾಯ, ನಮ್ಮ ಭಾವನ ಗ್ಯಾರೇಜಿಗೆ ಜನ ಬೇಕಂತೆ.' ತೊಂಬತ್ತರ ದಶಕದ ಮೊದಲ ವರ್ಷಗಳು. ಶಾರ್ಜಾದ ಕೈಗಾರಿಕಾ ಪ್ರದೇಶವನ್ನು ಅಲ್ಲಿ ಎಲ್ಲರೂ ಸನಾಯಾ ಅನ್ನುತ್ತಾರೆ. ಸಾಲು ಸಾಲು ಗ್ಯಾರೇಜು, ಅದರ ಹಿಂದೆ ಗುಜರಿ, ಗುಜರಿಯಲ್ಲಿ ಜಪಾನಿನಿಂದ ಕಂಟೇನರಿನಲ್ಲಿ ಬಂದಿಳಿದ ಹಳೆಯ ಇಂಜಿನ್ನುಗಳ ರಾಶಿ.

ನಮ್ಮ ಉಸ್ತಾದ್ ಪೇಶಾವರದ ಕಡೆಯವರು. ಮೊದಲ ವಾರ ಅವರು ನನಗೆ ಸ್ಪ್ಯಾನರ್ ಕೊಡಲಿಲ್ಲ. ಹಳೆಯ ಲ್ಯಾಂಡ್ ಕ್ರೂಸರ್ ಒಂದನ್ನು ಸ್ಟಾರ್ಟ್ ಮಾಡಿ, ಅದರ ವಾಲ್ವ್ ಕವರಿನ ಮೇಲೆ ಸುಲೈಮಾನಿ ಚಹಾದ ಗ್ಲಾಸು ಇಟ್ಟು, ನೋಡು ಅಂದರು. ಇಂಜಿನ್ ಓಡುತ್ತಿದೆ, ಚಹಾ ಅಲುಗಾಡುತ್ತಿಲ್ಲ. ಜೀಪಿನ ಇಂಜಿನ್ನಿನ ಮೇಲೆ ಇಟ್ಟ ಸ್ಪ್ಯಾನರ್ ತಾನಾಗಿ ನಡೆದು ಕೆಳಗೆ ಬೀಳುವುದನ್ನು ನೋಡಿದವ ನಾನು. ಆರು ಪಿಸ್ಟನ್‌ಗಳಲ್ಲಿ ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು ಜೊತೆಜೊತೆಯಾಗಿ ಏರಿಳಿಯುತ್ತವೆ. ಮೂರು ಜೋಡಿ ಜನ ಒನಕೆ ಹಿಡಿದು ಸರದಿ ತಪ್ಪದೆ ಭತ್ತ ಕುಟ್ಟಿದ ಹಾಗೆ. ಕ್ರ್ಯಾಂಕಿನಲ್ಲಿ ಈ ಜೋಡಿಗಳ ನಡುವೆ 120 ಡಿಗ್ರಿ ಅಂತರ. ಒಂದರ ನೂಕನ್ನು ಉಳಿದೆರಡು ತಿಂದುಹಾಕುತ್ತವೆ. ನಾಲ್ಕು ಸಿಲಿಂಡರಿನಲ್ಲಿ ಹೀಗೆ ಪೂರ್ತಿ ಸರಿಹೋಗುವುದಿಲ್ಲ, ವಿ ಆಕಾರದ ಆರರಲ್ಲೂ ಇಲ್ಲ. ಸಾಲು ಆರಕ್ಕೆ ಬ್ಯಾಲೆನ್ಸ್ ಶಾಫ್ಟಿನ ಹಂಗಿಲ್ಲ. ಕಿಡಿ ಹೊತ್ತುವ ಸರದಿ 1-5-3-6-2-4. ಇದನ್ನು ಉಸ್ತಾದ್ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು.

ಆ ಗಾಡಿಯಲ್ಲಿದ್ದದ್ದು 2ಎಫ್ ಇಂಜಿನ್, 4230 ಸಿಸಿ. ಟೊಯೋಟಾದವರ ಈ ಮನೆತನ ಹಳೆಯದು. 1951ರಲ್ಲಿ ಅವರ ಜೀಪಿನಂಥ ಬಿಜೆ ಗಾಡಿ ಫ್ಯೂಜಿ ಪರ್ವತದ ಆರನೆಯ ನಿಲ್ದಾಣದವರೆಗೆ ಹತ್ತಿದಾಗ ಅದರಲ್ಲಿದ್ದದ್ದೂ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನೇ. 1954ರಲ್ಲಿ ಲ್ಯಾಂಡ್ ಕ್ರೂಸರ್ ಎಂದು ಹೆಸರಾಯಿತು, ಮರುವರ್ಷ 3.9 ಲೀಟರಿನ ಎಫ್ ಇಂಜಿನ್ ಅದಕ್ಕೆ ಬಂತು. ಅಮೆರಿಕದ ಷೆವರ್ಲೆ ಆರು ಸಿಲಿಂಡರನ್ನು ನೋಡಿ ಕಲಿತ ರೂಪ ಅದು. ಎಪ್ಪತ್ತರ ದಶಕದ ಮಧ್ಯದಲ್ಲಿ 2ಎಫ್, ಎಂಬತ್ತರ ದಶಕದಲ್ಲಿ 3ಎಫ್. ಮೂರರದ್ದೂ ಎರಕದ ಕಬ್ಬಿಣದ ಮೈ, ತಳ್ಳುಕಡ್ಡಿಯಿಂದ ತೆರೆಯುವ ವಾಲ್ವು, ಟೈಮಿಂಗಿಗೆ ಬೆಲ್ಟೂ ಇಲ್ಲ ಚೈನೂ ಇಲ್ಲ, ಗೇರು. ಹೆಡ್ ಎತ್ತಲು ಇಬ್ಬರು ಬೇಕು. ಆದರೆ ಬಾನೆಟ್ ತೆರೆದರೆ ಇಂಜಿನ್ನಿನ ಎರಡೂ ಪಕ್ಕ ಕೈ ಆಡಿಸುವಷ್ಟು ಜಾಗ. ಒಂದೇ ಹೆಡ್ಡು, ಆರು ಪ್ಲಗ್ಗು ಒಂದೇ ಬದಿಯಲ್ಲಿ, ಎಲ್ಲ ಕಣ್ಣಿಗೆ ಕಾಣುತ್ತದೆ. ಇಂಜಿನ್ ಬಿಸಿಯಾದ ಮೇಲೆ ಟ್ಯಾಪೆಟ್ ಅಂತರ ಇನ್‌ಲೆಟ್ಟಿಗೆ 0.20 ಮಿ.ಮೀ., ಎಕ್ಸಾಸ್ಟಿಗೆ 0.35. ಉಸ್ತಾದ್ ಇಂಜಿನ್ ಓಡುತ್ತಿರುವಾಗಲೇ ಫೀಲರ್ ಗೇಜ್ ತೂರಿಸಿ, ಹನ್ನೆರಡು ವಾಲ್ವಿಗೂ ಸೆಟ್ ಮಾಡುತ್ತಿದ್ದರು. ಎಣ್ಣೆ ಮುಖಕ್ಕೆ ಸಿಡಿದರೂ ಬೀಡಿ ಬಾಯಿಂದ ಕದಲುತ್ತಿರಲಿಲ್ಲ. ಪೆಟ್ರೋಲ್ ಗಾಡಿಯ ಪಕ್ಕ ಬೀಡಿಯೇ ಎಂದು ಕೇಳಬೇಡಿ. ಆ ಗ್ಯಾರೇಜಿನಲ್ಲಿ ಕೇಳುವವರಿರಲಿಲ್ಲ.

ಅಲ್ ದೈದ್ ಕಡೆಯ ಖರ್ಜೂರದ ತೋಟದವರು ಪಿಕಪ್ ತರುತ್ತಿದ್ದರು. ತೋಟದಲ್ಲೇ ಗಾಡಿ ಕೆಟ್ಟರೆ ನಾವೇ ಹೋಗಬೇಕು. ಸುತ್ತ ಮರಳು, ಹತ್ತಿರದಲ್ಲೊಂದು ಅಂಗಡಿಯೂ ಇಲ್ಲ. ಅಂಥಲ್ಲಿ ಪಾಯಿಂಟ್ ತಿಕ್ಕಿ, ಕಾರ್ಬುರೇಟರ್ ಬಿಚ್ಚಿ ಊದಿ, ಗಾಡಿ ಓಡಿಸಿಕೊಂಡು ಬರಲು ತುಮರಿಯ ಕೆಲಸವೇ ನನ್ನ ಕೈ ಹಿಡಿಯಿತು. ಗ್ಯಾರೇಜಿನ ಉಳಿದ ಹುಡುಗರಿಗೆ ಇಲ್ಲದ ಒಂದು ಗುಣ ನನ್ನಲ್ಲಿತ್ತು ಅಂತ ಈಗಲೂ ನಂಬಿದ್ದೇನೆ: ಸಾಮಾನು ಸಿಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಕೆಲಸ ಶುರುಮಾಡುವುದು.

ನಾನು ಹೋದ ಹೊತ್ತಿಗೇ ಹೊಸ ತಲೆಮಾರು ಬಂದಾಗಿತ್ತು. 1992ರಲ್ಲಿ ಹೊರಟ 1ಎಫ್‌ಝಡ್. ಬೋರ್ 100 ಮಿ.ಮೀ., ಸ್ಟ್ರೋಕ್ 95, ಒಟ್ಟು 4477 ಸಿಸಿ. ಹೆಸರಿನಲ್ಲಿ ಎಫ್ ಉಳಿದಿತ್ತು, ಒಳಗೆ ಹಳೆಯದು ಹೆಚ್ಚೇನೂ ಇರಲಿಲ್ಲ. ಅಲ್ಯೂಮಿನಿಯಂ ಹೆಡ್, ಮೇಲೆ ಎರಡು ಕ್ಯಾಮ್‌ಶಾಫ್ಟ್, 24 ವಾಲ್ವು, ಟೈಮಿಂಗ್ ಚೈನು. ಟ್ಯಾಪೆಟ್ ಸ್ಕ್ರೂ ತಿರುಗಿಸುವುದು ಮುಗಿಯಿತು, ಅಳತೆ ನೋಡಿ ಬಿಲ್ಲೆ ಬದಲಿಸಬೇಕು. ಕಾರ್ಬುರೇಟರಿನ ಒಂದು ಮಾದರಿ ಇತ್ತು, ಇಂಜೆಕ್ಷನ್ನಿನದು ಬೇರೆ. ಹಳಬರು ಕಾರ್ಬುರೇಟರಿನದೇ ಬೇಕೆಂದು ಹುಡುಕುತ್ತಿದ್ದರು. ಉಸ್ತಾದ್ ಮೊದಲ ಬಾರಿ ಅದರ ಕವರ್ ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, 'ಇದನ್ನು ಗಡಿಯಾರದವನು ಮಾಡಿದ್ದಾನೆ' ಅಂದರು. ಮೆಚ್ಚಿಗೆಯೋ ಬೈಗುಳವೋ ನನಗೆ ತಿಳಿಯಲಿಲ್ಲ.

ನನ್ನ ಮಟ್ಟಿಗೆ ಇಡೀ ವಂಶದಲ್ಲಿ ಅದೇ ಒಳ್ಳೆಯ ಇಂಜಿನ್. ಉದ್ದನೆಯ ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗದಂತೆ ನೋಡಿಕೊಳ್ಳಬೇಕು, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಅಲ್ಲದೆ ಹಂತಹಂತವಾಗಿ ಬಿಗಿಯಬೇಕು. ಅಷ್ಟು ಮಾಡಿದರೆ ಅದು ನಿಮ್ಮ ತಂಟೆಗೆ ಬರುವುದಿಲ್ಲ.

ನಿಸಾನ್ ಪ್ಯಾಟ್ರೋಲ್ ಗಾಡಿಯವರ ಗುಂಪು ಬೇರೆಯೇ. ಅವರದ್ದೂ ಸಾಲು ಆರೇ, 4.2 ಲೀಟರಿನ ಟಿಬಿ42. ಹೊಸ ಶತಮಾನದ ಶುರುವಿಗೆ 4.8 ಲೀಟರಿನ ಟಿಬಿ48 ಬಂತು. ಶುಕ್ರವಾರ ಸಂಜೆ ಅಲ್ ಬದಾಯರಿನ ಕೆಂಪು ಮರಳುದಿಬ್ಬಕ್ಕೆ ಹೋದರೆ ಇವರದೇ ಜಾತ್ರೆ. ಅಬುಧಾಬಿಯ ಲಿವಾದಲ್ಲಿ ತಲ್ ಮೊರೀಬ್ ಎಂಬ ದೊಡ್ಡ ದಿಬ್ಬ ಹತ್ತುವ ಪಂದ್ಯ ನಡೆಯುತ್ತದೆ. ಅದಕ್ಕಾಗಿ ಟಿಬಿ48ಕ್ಕೆ ಟರ್ಬೊ ಕಟ್ಟಿ ಸಾವಿರ ಕುದುರೆಶಕ್ತಿ ದಾಟಿಸಿದವರಿದ್ದಾರೆ. ಕಬ್ಬಿಣದ ಬ್ಲಾಕ್ ತಡೆದುಕೊಳ್ಳುತ್ತಿತ್ತು. ಸುಪ್ರಾದ 2ಜೆಝಡ್, ಸ್ಕೈಲೈನಿನ ಆರ್‌ಬಿ26 ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದೂ ಇದೇ ಕಾರಣಕ್ಕೆ. ನಮ್ಮ ಗುಜರಿಯಲ್ಲಿ 2ಜೆಝಡ್ ಬಂದ ದಿನವೇ ಖರ್ಚಾಗುತ್ತಿತ್ತು.

ಇಷ್ಟೆಲ್ಲ ಇದ್ದೂ ಸಾಲು ಆರು ಹೋಯಿತು. ಅದರ ಮೈ ಉದ್ದ. ಅಪಘಾತದಲ್ಲಿ ಮುಂಭಾಗ ನುಜ್ಜಾಗಿ ಒಳಗಿನವರನ್ನು ಉಳಿಸಬೇಕೆಂದರೆ ಇಂಜಿನ್ನಿನ ಮುಂದೆ ಜಾಗ ಬಿಡಬೇಕು. ಮೂರು ಮೂರಾಗಿ ಮಡಚಿದ ವಿ6 ಗಿಡ್ಡ, ಸಣ್ಣ ಕಾರಿಗೂ ದೊಡ್ಡದಕ್ಕೂ ಹೊಂದುತ್ತದೆ. 2007ರ ಲ್ಯಾಂಡ್ ಕ್ರೂಸರಿನಲ್ಲಿ ವಿ6, ವಿ8 ಮಾತ್ರ. 2010ರಲ್ಲಿ ಅಬುಧಾಬಿಯಲ್ಲೇ ಬಿಡುಗಡೆಯಾದ ಹೊಸ ಪ್ಯಾಟ್ರೋಲ್ ಗಾಡಿಯಲ್ಲಿ 5.6 ಲೀಟರಿನ ವಿ8. ವಿ ಇಂಜಿನ್ನಿಗೆ ಎರಡು ಹೆಡ್ಡು, ಹಿಂದಿನ ಪ್ಲಗ್ಗಿಗೆ ಕೈ ಹೋಗುವುದಿಲ್ಲ, ಮೇಲೆಲ್ಲ ಪ್ಲಾಸ್ಟಿಕ್ ಕವರು. ಗ್ಯಾರೇಜಿಗೆ ಸ್ಕ್ಯಾನರ್ ಬಂತು, ಅದನ್ನು ಓದಲು ತ್ರಿಶೂರಿನ ಡಿಪ್ಲೊಮಾ ಹುಡುಗ ಬಂದ. ಅವನು ಕೋಡ್ ಹೇಳುತ್ತಾನೆ, ನಾವು ಸೆನ್ಸರ್ ಬದಲಿಸುತ್ತೇವೆ. ಹಳೆಯದು ಕಸದ ಡಬ್ಬಿಗೆ. ಉಸ್ತಾದ್ ಊರಿಗೆ ಹೋದವರು ಮತ್ತೆ ಬರಲಿಲ್ಲ. ಕೆಲವು ವರ್ಷಕ್ಕೆ ನಾನೂ ಗಂಟು ಕಟ್ಟಿದೆ.

ತುಮರಿಗೆ ಬಂದು ರಸ್ತೆ ಬದಿಯಲ್ಲಿ ಶೆಡ್ಡು ಹಾಕಿದೆ. ಲಾಂಚು ಇದ್ದಷ್ಟು ದಿನ ಕೆಲಸಕ್ಕೆ ಬರವಿರಲಿಲ್ಲ. ಸಿಗಂದೂರು ದೇವಸ್ಥಾನಕ್ಕೆ ಬಂದ ಭಕ್ತರ ಗಾಡಿ ಕೆಟ್ಟರೆ ಅವರಿಗೆ ನಾನೇ ಗತಿ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು, ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದ. ಅದು ಬೇಡಿತ್ತು ಎನ್ನುವವ ನಾನಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸನ್ನು ದಡದಲ್ಲಿ ಕೂರಿಸಿಕೊಂಡು ಬೆಳಕಿಗೆ ಕಾದ ಮನೆಗಳು ನಮ್ಮಲ್ಲಿವೆ. ಆದರೆ ಈಗ ಕೆಟ್ಟ ಗಾಡಿ ನನ್ನ ಶೆಡ್ಡಿನ ಮುಂದೆಯೇ ಟೋಯಿಂಗ್ ಲಾರಿ ಏರಿ ಸಾಗರಕ್ಕೆ, ಶಿವಮೊಗ್ಗಕ್ಕೆ ಹೋಗುತ್ತದೆ. ನನಗೆ ಉಳಿದದ್ದು ಕಳೆ ಕೊಚ್ಚುವ ಮಷಿನ್ನು, ಅಡಿಕೆಗೆ ಔಷಧಿ ಹೊಡೆಯುವ ಪಂಪು. ಸನಾಯಾದಲ್ಲಿ ಇಪ್ಪತ್ತು ವರ್ಷದಲ್ಲಿ ಆದದ್ದು ಇಲ್ಲಿ ಒಂದು ಮಳೆಗಾಲದಲ್ಲಿ ಆಯಿತು.

ಅಕ್ಕನ ಮಗ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿದ್ದಾನೆ. ಇನೋವಾ ಹೈಕ್ರಾಸ್ ಅವನ ಕೈಯ ಮುಂದೆ ಹಾದುಹೋಗುತ್ತದೆ, ಎರಡು ಲೀಟರಿನ ನಾಲ್ಕು ಸಿಲಿಂಡರು, ಜೊತೆಗೆ ಮೋಟಾರು. ಹಬ್ಬಕ್ಕೆ ಬಂದಾಗ ಎಫ್‌ಝಡ್ ಬಗ್ಗೆ ಹೇಳಿದೆ. 'ಆರೂ ಸಾಲಾಗಿ ನಿಂತ್ರೆ ಬಾನೆಟ್ ಎಷ್ಟುದ್ದ ಬೇಕು ಮಾವ?' ಅಂದ. ಆಮೇಲೆ ಅವನೇ ಫೋನಿನಲ್ಲಿ ಹುಡುಕಿ, ಸಾಲು ಆರು ಮತ್ತೆ ಬಂದಿದೆ ಎಂದು ತೋರಿಸಿದ. ಮರ್ಸಿಡಿಸಿನವರು ಕೆಲವು ವರ್ಷದ ಹಿಂದೆಯೇ ಮರಳಿದ್ದಾರಂತೆ, ಈಗ ಜಪಾನಿನ ಮಾಜ್ದಾದವರು 3.3 ಲೀಟರಿನದು ಮಾಡಿದ್ದಾರೆ. ಕವರ್ ತೆಗೆದ ಚಿತ್ರ ತೋರಿಸು, ಪ್ಲಗ್ಗಿಗೆ ಕೈ ಹೋಗುತ್ತದೆಯೋ ನೋಡುತ್ತೇನೆ ಅಂದೆ. ಸುಮಾರು ಹೊತ್ತು ಹುಡುಕಿದ, ಕವರ್ ಹಾಕಿದ್ದೇ ಸಿಕ್ಕಿತು.