ಹ್ಯಾಕ್ ಆಯ್ತು

ಕಳೆದ ದೀಪಾವಳಿಯ ಮರುದಿನ ಹೈದರಾಬಾದಿನಿಂದ ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ನನ್ನ ಗೇಮ್ ಅಕೌಂಟ್ ಹ್ಯಾಕ್ ಆಯ್ತು." ಹದಿನಾಲ್ಕರ ಹುಡುಗ. ಮೂರು ವರ್ಷ ಆಡಿ ಗಳಿಸಿದ್ದು, ಹುಟ್ಟುಹಬ್ಬದ ದುಡ್ಡಲ್ಲಿ ಕೊಂಡಿದ್ದು, ಎಲ್ಲ ಒಂದೇ ರಾತ್ರಿ ಖಾಲಿ.

ಹಾಲು ಚೆಲ್ಲಿತು, ಲೋಟ ಒಡೀತು, ಅಕೌಂಟ್ ಹ್ಯಾಕ್ ಆಯ್ತು. ಮಾಡಿದವರು ಯಾರೆಂದು ಹೇಳದೆ ವಾಕ್ಯ ಮುಗಿಸುವುದು ನಮ್ಮ ಭಾಷೆಯಲ್ಲಿ ಬಲು ಸುಲಭ. ಕಂಪನಿಯ ಉತ್ತರದಲ್ಲಿ ಮಾತ್ರ ಆ ಅನುಮಾನ ಇರಲಿಲ್ಲ: ಖಾತೆಯ ಸುರಕ್ಷತೆಗೆ ಬಳಕೆದಾರರೇ ಸಂಪೂರ್ಣ ಹೊಣೆ. ಅಂಥ ವಾಕ್ಯಗಳನ್ನು ಬೇರೆ ಕಂಪನಿಗಳಿಗೆ ನಾನೇ ಕನ್ನಡಕ್ಕೆ ತಂದಿದ್ದೇನೆ, ಪದಕ್ಕೆ ಇಷ್ಟು ಪೈಸೆ ಎಂದು. 'ಸಂಪೂರ್ಣ' ಹಾಕಲೋ 'ಮಾತ್ರ' ಹಾಕಲೋ ಎಂದು ಯೋಚಿಸಿದ್ದು ನೆನಪಿದೆ. ಅದು ನ್ಯಾಯವೋ ಎಂದು ಯೋಚಿಸಿರಲಿಲ್ಲ.

ಇದಕ್ಕಿಂತ ಕಹಿಯಾದದ್ದು ಆಮೇಲೆ ಗೊತ್ತಾಯಿತು. ಅವನ ಮೊದಲ ಇಮೇಲ್ ಮಾಡಿಕೊಟ್ಟವಳು ನಾನು. ಪಾಸ್‌ವರ್ಡ್ ನಮ್ಮ ಹಳೇ ಮನೆಯ ಹೆಸರು, ಮುಂದೆ ಮನೆ ನಂಬರು. "ಎಲ್ಲ ಕಡೆ ಇದನ್ನೇ ಇಟ್ಕೋ, ಮರೆಯಲ್ಲ" ಎಂದಿದ್ದೆ. ಅವನು ಹಾಗೇ ಮಾಡಿದ್ದ. ಒಂದು ಕಡೆ ಸೋರಿದ ಇಮೇಲ್-ಪಾಸ್‌ವರ್ಡ್ ಜೋಡಿಗಳನ್ನು ಕಳ್ಳರು ಪ್ರೋಗ್ರಾಂ ಬರೆದು ನೂರಾರು ಕಡೆ ಹಾಕಿ ನೋಡುತ್ತಾರಂತೆ. ಇಲ್ಲೂ ಹಾಗೇ ಆಗಿರಬೇಕು. ಬೀಗ ಒಡೆಯುವ ಕಷ್ಟವೇ ಇಲ್ಲ, ಕೀಲಿ ಕೈಯಲ್ಲೇ ಇರುತ್ತದೆ.

ಹಾಗಾದರೆ ತಪ್ಪೆಲ್ಲ ನಮ್ಮದೇ? 2011ರಲ್ಲಿ ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಕಳ್ಳರು ನುಗ್ಗಿ, ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತು; ಸೇವೆಯೇ ಮೂರು ವಾರ ನಿಂತಿತ್ತು. ಅಲ್ಲಿ ಆಟಗಾರರು ಎಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ಆ ಕಳವು ತಪ್ಪುತ್ತಿರಲಿಲ್ಲ.

ಬ್ಯಾಂಕಿನ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2017ರಲ್ಲೇ ಹೊಣೆ ಹಂಚಿದೆ. ಬ್ಯಾಂಕಿನ ತಪ್ಪಾದರೆ ಗ್ರಾಹಕರಿಗೆ ನಷ್ಟವಿಲ್ಲ. ಇಬ್ಬರದೂ ತಪ್ಪಿಲ್ಲದ ಕಳವಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ಇಲ್ಲ. ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟಿದ್ದರೂ, ದೂರು ಕೊಟ್ಟ ಮೇಲಿನ ನಷ್ಟ ಬ್ಯಾಂಕಿನದು. ಎಲ್ಲಕ್ಕಿಂತ ಮುಖ್ಯ, ಗ್ರಾಹಕರ ತಪ್ಪೆಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು.

ಆಟದಲ್ಲಿ ಲೆಕ್ಕ ಬೇರೆ. ಗುಂಡಿಯ ಮೇಲೆ 'ಖರೀದಿಸಿ' ಎಂದಿರುತ್ತದೆ. ಷರತ್ತುಗಳನ್ನು ಓದಿದರೆ ಬಹುತೇಕ ಕಡೆ ನಾವು ಕೊಂಡಿದ್ದು ಬಳಸುವ ಪರವಾನಗಿ ಮಾತ್ರ. ಎರಡನ್ನೂ ಅನುವಾದಿಸಿದವಳಿಗೆ ಈ ವ್ಯತ್ಯಾಸ ಕಾಣಬೇಕಿತ್ತು. ಹೊಸ ಫೋನು, ಅಪರಾತ್ರಿ, ಇದ್ದಬದ್ದದ್ದೆಲ್ಲ ಒಮ್ಮೆಗೇ ಬೇರೆಯವರಿಗೆ ದಾನ: ಇದು ಹದಿನಾಲ್ಕರ ಹುಡುಗನಿಗೆ ಕಾಣದು, ಕಂಪನಿಗೆ ಕಾಣುತ್ತದೆ. ಎರಡನೇ ಹಂತದ ಪರಿಶೀಲನೆಯೂ ಅವರಲ್ಲಿತ್ತು, ಸೆಟ್ಟಿಂಗ್ಸ್‌ನ ಮೂಲೆಯಲ್ಲಿ, ಆಫ್ ಆಗಿ. ಕಳ್ಳನದು ಅಪರಾಧ, ನಮ್ಮದು ಅಜಾಗರೂಕತೆ. ನೋಡಬಲ್ಲವರು ನೋಡದೆ ಕೂತದ್ದಕ್ಕೂ ಒಂದು ಪಾಲು ಇರಬೇಕು.

ಅಕೌಂಟ್ ವಾಪಸ್ ಬರಲಿಲ್ಲ. ಅಕ್ಕ ಅವನನ್ನೇ ಬೈಯುತ್ತಿದ್ದಳು. ಫೋನ್ ಅವನ ಕೈಗೆ ಕೊಡಿಸಿ, ಪಾಸ್‌ವರ್ಡ್ ನಾನು ಹೇಳಿಕೊಟ್ಟದ್ದು, ತಪ್ಪು ನನ್ನದೂ ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಾಗಾದ್ರೆ ಹೊಸದು ನಿಂಗೆ ಹೇಳಲ್ಲ, ಚಿಕ್ಕಮ್ಮ."

"ಹೇಳ್ಬೇಡ" ಎಂದೆ.