ಆರತಿಯಾದ ಮೇಲೆ

ನಮ್ಮ ಸಕಲೇಶಪುರ, ಆಲೂರಿನ ಕಡೆ ಹೆಣ್ಣುಮಗಳೊಬ್ಬಳು ದೊಡ್ಡವಳಾದಳೆಂದರೆ, ಹಿಂದೆ ಅದು ಊರಿಗೆಲ್ಲ ತಿಳಿಯಬೇಕಾದ ಸಮಾಚಾರ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವನು; ನೆಂಟರು ಕೊಬ್ಬರಿ, ಬೆಲ್ಲ, ಚಿಗಳಿ, ತಂಬಿಟ್ಟು ಹೊತ್ತು ಬರುವರು; ಹಸೆಯ ಮೇಲೆ ಕೂರಿಸಿ ಆರತಿ ಎತ್ತುವರು. ಈಗ ಗುಡ್ಲು ಅಪರೂಪವಾಗಿದೆ. ಆರತಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಇಷ್ಟೆಲ್ಲ ಸಂಭ್ರಮದ ನಡುವೆ, ತಲೆ ತಗ್ಗಿಸಿ ಕುಳಿತ ಆ ಹುಡುಗಿಯ ಹತ್ತಿರ ಕುಳಿತು, 'ಮಗು, ನಿನ್ನ ಮೈಯಲ್ಲಿ ಆದದ್ದು ಇಂಥದು' ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಊರಿಗೆಲ್ಲ ಹೇಳಿ, ಮಗಳಿಗೊಬ್ಬಳಿಗೆ ಹೇಳದ ಗುಟ್ಟು ಲೋಕದಲ್ಲಿ ಇದೊಂದೇ ಇರಬೇಕು.

ಹಾಗೆಂದು ನಮಗೆ ಮಾತಿನ ಬಡತನವಿದೆಯೆಂದಲ್ಲ. ಹೊರಗಾಗುವುದು, ದೂರ ಕೂರುವುದು, ಕಾಗೆ ಮುಟ್ಟುವುದು, ರಜೆ, ಡೇಟು—ಆ ಮೂರು ನಾಲ್ಕು ದಿನಗಳಿಗೆ ಎಷ್ಟು ಹೆಸರು ಬೇಕು? ಆದರೆ ಮೈಯ ಆ ಭಾಗಕ್ಕೆ ನಮ್ಮಲ್ಲಿರುವುದು ಎರಡೇ ಬಗೆಯ ಹೆಸರು. ಒಂದು ಬೈಗುಳಕ್ಕೆ, ಇನ್ನೊಂದು ಪುಸ್ತಕಕ್ಕೆ. ತಾಯಿ ಮಗಳು ಅಡಿಗೆಮನೆಯಲ್ಲಿ ಕುಳಿತು ಆಡಿಕೊಳ್ಳಬಹುದಾದ ಹೆಸರು ಒಂದೂ ಇಲ್ಲ. ಹೆಸರಿಲ್ಲದ ಕಡೆ ಹೆದರಿಕೆ ಮನೆ ಮಾಡುತ್ತದೆ.

ಈ ಹೆದರಿಕೆಗೆ ನಮ್ಮ ಸೀಮೆಯ ಮಳೆಯೂ ತನ್ನ ಪಾಲು ಸೇರಿಸಿದೆ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವು ಕೊಡದು. ನನ್ನ ತಾಯಿಯ ಕಾಲದಲ್ಲಿ ಹಳೆಯ ಸೀರೆಯ ತುಂಡೇ ಗತಿ. ಅದನ್ನು ಒಗೆಯಬೇಕು, ಆದರೆ ಗಂಡಸರ ಕಣ್ಣಿಗೆ ಬೀಳಬಾರದು. ಬಿಸಿಲಂತೂ ಇಲ್ಲ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ, ಇನ್ನೊಂದು ಬಟ್ಟೆಯ ಮರೆಯಲ್ಲಿ, ಹೊಗೆ ಕುಡಿಯುತ್ತ ಅದು ಅರ್ಧ ಒಣಗುವುದು. ಆ ಅರೆತೇವದ ಬಟ್ಟೆಯನ್ನೇ ಕಟ್ಟಿಕೊಂಡು ಗದ್ದೆಯಲ್ಲಿ ನಾಟಿಗೋ ತೋಟದಲ್ಲಿ ಕಳೆಗೋ ನಿಂತವರ ತೊಡೆಸಂದು ಹುಣ್ಣಾದರೆ, ಅದಕ್ಕೆ ಕೊಬ್ಬರಿಯೆಣ್ಣೆ ಮದ್ದು, ಮೌನ ಪಥ್ಯ.

ಆಮೇಲೆ ಪ್ಯಾಡು ಬಂದಿತು, ದೊಡ್ಡ ಉಪಕಾರವಾಯಿತು. 2017ರ ಜುಲೈಯಲ್ಲಿ ಅದರ ಮೇಲೆ ಶೇಕಡಾ 12ರ ಜಿ.ಎಸ್.ಟಿ. ಬಿದ್ದು, ಹೆಂಗಸರು ಗಟ್ಟಿಯಾಗಿ ಕೇಳಿದ ಮೇಲೆ, 2018ರ ಜುಲೈಯಲ್ಲಿ ತೆಗೆಯಲ್ಪಟ್ಟಿತು. ಶಾಲೆಯ ಹುಡುಗಿಯರಿಗೆ ಪ್ಯಾಡು ಹಂಚುವ ನಮ್ಮ ಸರ್ಕಾರದ 'ಶುಚಿ' ಯೋಜನೆಯೂ ನಡುವೆ ಕೆಲವು ಕಾಲ ನಿಂತು 2024ರಲ್ಲಿ ಮತ್ತೆ ಹೊರಟಿತು. ಇಷ್ಟಾದರೂ ಪೇಟೆಯ ಔಷಧದ ಅಂಗಡಿಯಲ್ಲಿ ಆ ಪೊಟ್ಟಣಕ್ಕೆ ಇನ್ನೂ ಹಳೆಯ ಪತ್ರಿಕೆ ಸುತ್ತುತ್ತಾರೆ. ಈ ಪುರವಣಿಯ ಹಾಳೆಗಳೂ ಎಷ್ಟೋ ಸಲ ಆ ಸೇವೆಗೆ ಸಂದಿರಬಹುದು.

ನಾನು ಹೇಳಹೊರಟಿದ್ದು ಪ್ಯಾಡಿನ ವಿಷಯವನ್ನಲ್ಲ. ನನ್ನ ತಮ್ಮನ ಮಗಳು ಹದಿನೈದು ವರ್ಷದವಳು. ಬಾಳ್ಳುಪೇಟೆಯ ಒಳಗಿರುವ ನಮ್ಮ ಮನೆಯಿಂದ ಹಾಸನಕ್ಕೆ ಹೋಗಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಶನಿವಾರದ ಬಸ್ಸಿಗೆ ಬರುತ್ತಾಳೆ. ಅಲ್ಲಿ ಈಜು ಕಲಿತು, ಈಜುವುದರಲ್ಲಿ ಊಟ ಮರೆಯುವಷ್ಟು ಆಸೆ ಹಚ್ಚಿಕೊಂಡಿದ್ದಳು. ಆದರೆ ತಿಂಗಳಿಗೆ ನಾಲ್ಕೈದು ದಿನ ದಡದಲ್ಲಿ ಕೂರಬೇಕು. ಪ್ಯಾಡು ನೀರಿನಲ್ಲಿ ನೀರನ್ನೇ ಕುಡಿದು ಊದಿಕೊಳ್ಳುವ ವಸ್ತುವಷ್ಟೆ. ಒಂದು ಶನಿವಾರ ಬಂದವಳೇ, "ಅತ್ತೆ, ಈಜು ಬಿಟ್ಟುಬಿಡ್ತೀನಿ" ಎಂದಳು. ಪಂದ್ಯ ಗೊತ್ತಾದ ತಿಂಗಳಲ್ಲಿ ಅವಳ ದಿನಗಳೂ ಅದೇ ವಾರಕ್ಕೆ ಬೀಳುವಂತಿದ್ದವು. ಜೊತೆಯ ದೊಡ್ಡ ಹುಡುಗಿಯೊಬ್ಬಳು ಟ್ಯಾಂಪಾನ್ ಎಂಬುದನ್ನು ತೋರಿಸಿದ್ದಳಂತೆ. "ಅದನ್ನ ನೋಡಿದ್ರೇ ಭಯ ಅತ್ತೆ. ಅಮ್ಮಂಗೆ ಹೇಳ್ಬೇಡಿ."

"ಹೇಳದೆ ಮಾಡೋ ಕೆಲಸ ಅಲ್ಲ ಕಣೇ ಇದು," ಎಂದೆ. "ಹೇಳೋದನ್ನ ನನಗೆ ಬಿಡು."

ಟ್ಯಾಂಪಾನ್ ಎಂದರೆ ಮತ್ತೇನೂ ಅಲ್ಲ. ಹತ್ತಿಯನ್ನೋ ರೇಯಾನನ್ನೋ ಬಿಗಿಯಾಗಿ ಒತ್ತಿ ಮಾಡಿದ, ಕಿರುಬೆರಳ ಗಾತ್ರದ ಬತ್ತಿ. ಅದರ ಬಾಲಕ್ಕೊಂದು ನೂಲು. ಬತ್ತಿ ಒಳಗಿದ್ದು ಸ್ರಾವವನ್ನು ಹೀರುತ್ತದೆ. ನೂಲು ಹೊರಗಿದ್ದು, ತೆಗೆಯುವಾಗ ಕೈಗೆ ಸಿಗುತ್ತದೆ. ಕೊಳವೆಯ ಮೂಲಕ ಅದನ್ನು ಇಡುವ ಉಪಾಯಕ್ಕೆ ಅಮೆರಿಕದ ಅರ್ಲ್ ಹಾಸ್ ಎಂಬ ವೈದ್ಯ 1933ರಲ್ಲಿ ಹಕ್ಕುಪತ್ರ ಪಡೆದ. ಕೊಳವೆಯಿಲ್ಲದೆ ಬೆರಳಿನಿಂದಲೇ ಇಡುವ ಬಗೆಯನ್ನು ರೂಪಿಸಿದವಳು ಜರ್ಮನಿಯ ಯೂಡಿತ್ ಎಸ್ಸರ್ ಎಂಬ ಸ್ತ್ರೀರೋಗತಜ್ಞೆ. ಅದು 1950ರಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮ ಬೆಟ್ಟದ ದಾರಿ ಹತ್ತಲು ಅದಕ್ಕೆ ಇಷ್ಟು ವರ್ಷ ಹಿಡಿಯಿತು. ನನಗೂ ಬೆಂಗಳೂರಿನಿಂದ ತರಿಸಬೇಕಾಯಿತು.

ತಮ್ಮನ ಹೆಂಡತಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಮದುವೆಯಾಗದ ಹುಡುಗಿ, ಅಕ್ಕ. ನಾಳೆ ಏನಾದರೂ ಆದರೆ?" ಎಂದಳು. ಆ 'ಏನಾದರೂ' ಎಂಬ ಮಾತಿನಲ್ಲಿ ಏನಿದೆಯೆಂದು ಓದುವ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳನ್ನು ನಕ್ಕು ತಳ್ಳಿಹಾಕುವುದು ಸುಲಭವಿತ್ತು. ಆದರೆ ಆ ಭಯವನ್ನು ಅವಳೇನು ತಾನೇ ಹುಟ್ಟಿಸಿಕೊಂಡದ್ದಲ್ಲ. ಆದ್ದರಿಂದ ನಿಧಾನವಾಗಿ ಹೇಳಿದೆ. ಕನ್ಯಾಪೊರೆ ಎನ್ನುವುದು ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲ. ಹಾಗೆ ಮುಚ್ಚಿದ್ದರೆ ತಿಂಗಳ ಸ್ರಾವವಾದರೂ ಹೊರಗೆ ಬರುವುದೆಲ್ಲಿಂದ? ಅದು ದಾರಿಯ ಅಂಚಿನಲ್ಲಿರುವ ಹಿಗ್ಗುವ ಚರ್ಮದ ಮಡಿಕೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆಟದಲ್ಲಿ, ಓಟದಲ್ಲಿ, ಟ್ಯಾಂಪಾನಿನಿಂದಲೂ ಅದು ಸ್ವಲ್ಪ ಸಡಿಲವಾಗಬಹುದು, ಒಮ್ಮೊಮ್ಮೆ ಹರಿಯಲೂಬಹುದು. ಅದನ್ನು ನೋಡಿ ಹುಡುಗಿಯ ನಡತೆ ಹೇಳಲು ಯಾವ ವೈದ್ಯನಿಗೂ ಆಗದು. ಅತ್ಯಾಚಾರದ ಮೊಕದ್ದಮೆಗಳಲ್ಲಿ ನಡೆಯುತ್ತಿದ್ದ 'ಎರಡು ಬೆರಳಿನ ಪರೀಕ್ಷೆ' ಹೆಣ್ಣಿನ ಘನತೆಗೆ ಕುಂದೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು; ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ನ್ಯಾಯಾಲಯವೇ ಕೈಬಿಟ್ಟ ಪರೀಕ್ಷೆಯನ್ನು ನಾವು ಮನೆಯಲ್ಲಿ ಇಟ್ಟುಕೊಳ್ಳುವುದೇಕೆ? ಅವಳು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. "ನೀವು ಹತ್ತಿರ ಇರ್ತೀರಲ್ಲ" ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಪಾಠ ಶುರುವಾದದ್ದು ಬಚ್ಚಲಿನಲ್ಲಲ್ಲ, ಊಟದ ಮೇಜಿನ ಮೇಲೆ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ. ಪೆನ್ಸಿಲ್ ಹಿಡಿದು ಚಿತ್ರ ಬರೆದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆಯುವ ಹುಡುಗಿಗೆ, ಮೂತ್ರ ಬರುವ ದ್ವಾರ ಬೇರೆ, ಮುಟ್ಟಿನ ದ್ವಾರ ಬೇರೆ ಎಂಬುದು ಗೊತ್ತಿರಲಿಲ್ಲ. "ಹಾಗಾದ್ರೆ ಅದನ್ನ ಹಾಕ್ಕೊಂಡೂ ಮೂತ್ರ ಮಾಡಬಹುದಾ?" ಎಂದು ಬೆರಗಾದಳು. ಆ ದಾರಿ ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ, ಸೊಂಟದ ಹಿಂಭಾಗದ ಕಡೆಗೆ ಓರೆಯಾಗಿ ಹೋಗುತ್ತದೆ ಎಂದೂ ತೋರಿಸಿದೆ. ಮೊದಲ ಸಲ ನೋವಾಗುವವರಲ್ಲಿ ಎಷ್ಟೋ ಮಂದಿಗೆ ಅಡ್ಡಬರುವುದು ಈ ಓರೆಯೇ. ಉಳಿದದ್ದು ಹೆದರಿಕೆ. ಹೆದರಿದಾಗ ಅಲ್ಲಿಯ ಸ್ನಾಯು ತಾನಾಗಿ ಬಿಗಿಯುತ್ತದೆ, ಬಿಗಿದಾಗ ನೋವಾಗುತ್ತದೆ, ನೋವಾದರೆ ಹೆದರಿಕೆ ಇಮ್ಮಡಿಸುತ್ತದೆ.

ಬಾಗಿಲ ಆಚೆ ಅಡಿಕೆ ಜಗಿಯುತ್ತ ಕುಳಿತಿದ್ದ ನಮ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇನ್ನೇನು ಗದರುವಳೆಂದು ನಾವು ಸುಮ್ಮನಾದೆವು. ಅವಳು ಕೇಳಿದ್ದು ಇಷ್ಟೆ: "ನೂಲು ಕಿತ್ತುಹೋದ್ರೆ ಏನ್ ಮಾಡ್ತೀರಿ?"

ಅಂದಿನ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಅದೇ. ಚಿತ್ರದಲ್ಲಿಯೇ ಉತ್ತರವಿತ್ತು. ಆ ದಾರಿ ಗರ್ಭಕೋಶದ ಬಾಯಿಯ ಹತ್ತಿರ ಮುಗಿಯುತ್ತದೆ. ಆ ಬಾಯಿ ಬಲು ಕಿರಿದು, ಬತ್ತಿ ಅದನ್ನು ದಾಟಿ ಹೋಗಲಾರದು. ನೂಲು ಸಿಗದಿದ್ದರೆ ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿನಿಂದ ತೆಗೆಯಬಹುದು. ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. "ಹಂಗಾದ್ರೆ ಸರಿ" ಎಂದು ಅಮ್ಮ ಮತ್ತೆ ಅಡಿಕೆಗೆ ಕೈ ಹಾಕಿದಳು.

ಕಲಿಯಲು ಮೂರು ತಿಂಗಳಾಯಿತು. ಏಕೆಂದರೆ ಅವಳ ದಿನಗಳೂ ಶನಿವಾರವೂ ಕೂಡಿಬರಬೇಕಿತ್ತು. ಸ್ರಾವವಿಲ್ಲದ ದಿನ ಅಭ್ಯಾಸ ಮಾಡಬಾರದು. ಒಣ ಹತ್ತಿ ಒಣ ಮೈಯಲ್ಲಿ ಜಾರದು, ಉರಿಯುತ್ತದೆ. ಹೆಚ್ಚು ಹೋಗುವ ಎರಡನೆಯ ದಿನವೇ ಮೊದಲ ಪ್ರಯತ್ನಕ್ಕೆ ತಕ್ಕದ್ದು. ಎಲ್ಲಕ್ಕಿಂತ ಸಣ್ಣ ಗಾತ್ರದ್ದೇ ಬೇಕು. ಸೋಪಿನಲ್ಲಿ ಕೈ ತೊಳೆದು, ಒಂದು ಕಾಲನ್ನು ಮಣೆಯ ಮೇಲಿಟ್ಟು, ಉಸಿರು ಹೊರಗೆ ಬಿಡುವಾಗ ಮೆಲ್ಲಗೆ ಬೆನ್ನಿನ ಕಡೆಗೆ ತಳ್ಳಬೇಕು. ಸರಿಯಾಗಿ ಕೂತರೆ ಅದು ಇದೆಯೆಂದೇ ತಿಳಿಯದು. ಒತ್ತುತ್ತಿದ್ದರೆ ಇನ್ನೂ ಬಾಗಿಲಲ್ಲೇ ನಿಂತಿದೆಯೆಂದು ಅರ್ಥ. ಇದಿಷ್ಟನ್ನೂ ಮೊದಲೇ ಹೇಳಿ, ನಾನು ಹೊರಗೆ ಕೂತೆ. ಚಿಲಕ ಒಳಗಿನಿಂದ ಅವಳೇ ಹಾಕಿಕೊಂಡಳು. ಈ ವಿಷಯದಲ್ಲಿ ಬೇರೆಯವರ ಕೈ ಸಹಾಯಕ್ಕೂ ಒಳಗೆ ಹೋಗಬಾರದು. ಮಾತು ಹೋದರೆ ಸಾಕು.

ಮೊದಲ ತಿಂಗಳು ಅಳುಮುಖದಿಂದ ಹೊರಗೆ ಬಂದಳು. "ಆಗಲಿಲ್ಲ." "ಆಗದಿದ್ದರೆ ಬಿಡು, ಕಾಫಿ ಕುಡಿ" ಎಂದೆ. ಎರಡನೆಯ ತಿಂಗಳು ಅರ್ಧ ಆಯಿತು, ನೋವೆನಿಸಿ ತೆಗೆದಳು. ನೋವಾದರೆ ನಿಲ್ಲಿಸು ಎಂದು ನಾನೇ ಹೇಳಿದ್ದೆ. ಎಷ್ಟು ನಿಧಾನಿಸಿದರೂ ಆಗದಿದ್ದರೆ, ಕೆಲವರಿಗೆ ಆ ದಾರಿಯ ಬಾಯಲ್ಲೇ ಅಡ್ಡಪೊರೆಯಿರುವುದುಂಟು, ಡಾಕ್ಟರು ನೋಡಿ ಹೇಳುತ್ತಾರೆ ಎಂದೂ ಹೇಳಿದ್ದೆ. ಮೂರನೆಯ ತಿಂಗಳು ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದಲೇ, "ಅತ್ತೆ, ಏನೂ ಗೊತ್ತಾಗ್ತಾನೇ ಇಲ್ಲ. ಇದೆಯೋ ಇಲ್ಲವೋ!" ಎಂಬ ಕೂಗು ಬಂದಿತು.

ಇನ್ನು ಎಚ್ಚರಿಕೆಯ ಮಾತು. 1980ರಲ್ಲಿ ಅಮೆರಿಕದಲ್ಲಿ, ಬಹಳ ಹೀರುವ ಟ್ಯಾಂಪಾನುಗಳನ್ನು ಬಳಸಿದ ಹೆಂಗಸರಲ್ಲಿ ವಿಷಾಘಾತದಂಥ ಕಾಯಿಲೆ ಕಂಡು, ಕೆಲವರು ತೀರಿಕೊಂಡರು. ಒಂದು ಸರಕನ್ನು ಮಾರುಕಟ್ಟೆಯಿಂದಲೇ ಹಿಂತೆಗೆದರು. ಒಂದು ಬಗೆಯ ರೋಗಾಣು ಹುಟ್ಟಿಸುವ ವಿಷ ಅದು. ಅಪರೂಪ, ಆದರೆ ಅಪಾಯ. ಆದ್ದರಿಂದ ಬೇಕಾದಷ್ಟೇ ಹೀರುವುದನ್ನು ಇಟ್ಟುಕೊಳ್ಳಬೇಕು. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಾಯಿಸಬೇಕು, ಎಂಟನ್ನು ಎಂದೂ ದಾಟಿಸಬಾರದು. ರಾತ್ರಿಯ ನಿದ್ದೆಗೆ ಪ್ಯಾಡೇ ಮೇಲು. ಈಜು ಮುಗಿದೊಡನೆ ತೆಗೆಯಬೇಕು. ಇಟ್ಟುಕೊಂಡಿರುವಾಗ ಜ್ವರ, ವಾಂತಿ, ತಲೆಸುತ್ತು, ಮೈಯಲ್ಲಿ ಕೆಂಪು ದದ್ದು ಕಂಡರೆ ತೆಗೆದುಹಾಕಿ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಳಸಿದ್ದನ್ನು ಕಕ್ಕಸಿಗೆ ಎಸೆಯದೆ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು. ಇದನ್ನೆಲ್ಲ ಹುಡುಗಿ ತನ್ನ ಕೈಯಲ್ಲೇ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು.

ಪಂದ್ಯದಲ್ಲಿ ಅವಳಿಗೆ ನಾಲ್ಕನೆಯ ಸ್ಥಾನ ಬಂದಿತು. ಪದಕವಿಲ್ಲ. ಈಜು ಬಿಡುವ ಮಾತೂ ಇಲ್ಲ. ಈಗಲೂ ಈಜಿನ ದಿನ ಮಾತ್ರ ಟ್ಯಾಂಪಾನ್. ಉಳಿದ ದಿನ ಪ್ಯಾಡು. ಹಾಸ್ಟೆಲಿನಲ್ಲಿ ಯಾರೋ ಮುಟ್ಟಿನ ಬಟ್ಟಲಿನ ಮಾತು ಎತ್ತಿದ್ದಾರಂತೆ. ಅದನ್ನು ಮುಂದೆ ನೋಡುತ್ತಾಳಂತೆ. ಇದೇ ಉತ್ತಮ, ಅದು ಅಧಮ ಎಂಬ ವಾದ ನನ್ನದಲ್ಲ. ಬತ್ತಿಯೋ ಬಟ್ಟೆಯೋ ಬಟ್ಟಲೋ, ತಿಳಿದು ಆರಿಸಿಕೊಳ್ಳುವಂತಾದರೆ, ಬೇಡವೆನಿಸಿದಾಗ ಬೇಡವೆನ್ನುವಂತಾದರೆ, ಹುಡುಗಿಗೆ ನಾವು ಕೊಡಬೇಕಾದದ್ದನ್ನು ಕೊಟ್ಟಂತಾಯಿತು.

ಮೊನ್ನೆ ತಮ್ಮನ ಹೆಂಡತಿ ಕಾಫಿಯ ಲೋಟ ಮುಂದಿಟ್ಟು, ಸೆರಗಿನ ತುದಿಯನ್ನು ತಿರುಚುತ್ತ ನಿಂತಳು. ಮದುವೆಯಾಗಿ ಹದಿನೆಂಟು ವರ್ಷವಾದ, ಎರಡು ಹೆತ್ತ ಹೆಂಗಸು. "ಅಕ್ಕ," ಎಂದಳು, "ಆ ಕ್ಯಾಲೆಂಡರಿನ ಹಾಳೆ ಇನ್ನೂ ಇದೆಯಾ? ನಾನೂ ಒಂದ್ಸಲ ನೋಡಬೇಕಿತ್ತು."